ಮೈರಾವಣನಿಂದ ಸಮುದ್ರಮಥನದವರೆಗೆ: ಥಾಯ್ಲೆಂಡಿನಲ್ಲಿ ಹತ್ತು ದಿನ ಕಳೆಯುವ ಬಗೆ

ಬ್ಯಾಂಕಾಕಿನ ಅರಮನೆಯ ಆವರಣದಲ್ಲಿರುವ ವಾಟ್ ಪ್ರ ಕೇವ್ ದೇವಾಲಯದ ಸುತ್ತುಪೌಳಿಯಲ್ಲಿ ಒಂದು ಭಿತ್ತಿಚಿತ್ರವಿದೆ. ಹನುಮಂತ ಬೆಟ್ಟದಷ್ಟು ಬೆಳೆದು ಕುಳಿತಿದ್ದಾನೆ. ಅಗಲವಾಗಿ ತೆರೆದ ಅವನ ಬಾಯಲ್ಲಿ ಒಂದು ಪುಟ್ಟ ಮಂಟಪ. ಪಾತಾಳದ ಮೈಯರಾಪ್ ಬಂದು ರಾಮನನ್ನು ಕದ್ದೊಯ್ಯದಿರಲೆಂದು ಅವನು ಹೂಡಿದ ಉಪಾಯ ಅದು. ವಾಲ್ಮೀಕಿಯಲ್ಲಿ ಈ ಪ್ರಸಂಗವಿಲ್ಲ. ಆದರೆ ‘ಮೈರಾವಣ ಕಾಳಗ’ದ ಆಟ ನೋಡಿ ಬೆಳೆದವರಿಗೆ ಮೈಯರಾಪ್ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಥೆಯಲ್ಲಿ ಹನುಮಂತ ಬಾಲದ ಕೋಟೆ ಕಟ್ಟುತ್ತಾನೆ, ಅವರ ಕಥೆಯಲ್ಲಿ ಬಾಯಿಯೇ ಕೋಟೆ. ಆ ಗೋಡೆಯ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತ್ತು.

ನಮ್ಮೂರುಗಳಿಂದ ಹೋಗುವ ಬಹುತೇಕ ಪ್ಯಾಕೇಜ್ ಪ್ರವಾಸಗಳು ನಾಲ್ಕು ರಾತ್ರಿಗಳಲ್ಲಿ ಪಟ್ಟಾಯ ಮತ್ತು ಬ್ಯಾಂಕಾಕಿನ ಮಾರುಕಟ್ಟೆಗಳನ್ನು ತೋರಿಸಿ ಮುಗಿಸಿಬಿಡುತ್ತವೆ. ಹಾಗೆ ಹೋದವರಿಗೆ ಈ ಗೋಡೆಯ ಬಳಿ ಹತ್ತು ನಿಮಿಷವೂ ಸಿಗುವುದಿಲ್ಲ. ನನಗೆ ಅದು ನಿಜಕ್ಕೂ ಬೇಸರದ ಸಂಗತಿ. ಥಾಯ್ ಸಂಸ್ಕೃತಿಯ ಅರ್ಧ ಪರಿಚಯ ನಮಗೆ ಮನೆಯಲ್ಲೇ ಆಗಿರುತ್ತದೆ. ಉಳಿದರ್ಧವನ್ನು ಕಣ್ಣಾರೆ ಕಾಣಲು ಹತ್ತು ದಿನ ಮೀಸಲಿಟ್ಟರೆ ಸಾಕು. ಮೂರು ದಿನ ಬ್ಯಾಂಕಾಕ್, ಒಂದು ದಿನ ಅಯುತ್ಥಯಾ, ಮೂರು ದಿನ ಉತ್ತರದ ಚಿಯಾಂಗ್ ಮಾಯ್, ಉಳಿದದ್ದು ಕ್ರಾಬಿಯ ಕಡಲು. ನಾನು ಹೋಗಿದ್ದು ಹೀಗೆ. ಇನ್ನೊಮ್ಮೆ ಹೋದರೂ ಹೀಗೇ ಹೋಗುತ್ತೇನೆ.

ಮೊದಲು ತಿಂಗಳು, ಆಮೇಲೆ ಟಿಕೆಟ್

ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಉತ್ತರದಲ್ಲಿ ಹೊಲಗಳಿಗೂ ಕಾಡಿಗೂ ಬೀಳುವ ಬೆಂಕಿಯ ಹೊಗೆ ಕವಿಯುತ್ತದೆ. ಆಗ ಚಿಯಾಂಗ್ ಮಾಯ್‌ಗೆ ಹೋದರೆ ಎದುರಿನ ಬೆಟ್ಟವೇ ಕಾಣದ ದಿನಗಳಿರುತ್ತವೆ, ಉಸಿರಾಟದ ತೊಂದರೆ ಇರುವವರಿಗೆ ಅದು ಒಳ್ಳೆಯದೂ ಅಲ್ಲ. ಕಡಲಿಗೆ ಎರಡು ಬೇರೆ ಮಳೆಗಾಲಗಳಿವೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಅಂಡಮಾನ್ ಸಮುದ್ರದ ಕಡೆಯ ಫುಕೆಟ್ ಮತ್ತು ಕ್ರಾಬಿಯಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆ. ಥಾಯ್ಲೆಂಡ್ ಕೊಲ್ಲಿಯ ಕಡೆಯ ಕೊ ಸಮುಯ್ ದ್ವೀಪದಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ.

ಸಾಧ್ಯವಾದರೆ ನವೆಂಬರಿನ ಹುಣ್ಣಿಮೆಯನ್ನು ಸೇರಿಸಿಕೊಂಡು ಹೊರಡಿ. ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಲೋಯ್ ಕ್ರಥೋಂಗ್ ಹಬ್ಬ. ಬಾಳೆದಿಂಡಿನ ಬಿಲ್ಲೆಗೆ ಬಾಳೆಎಲೆಯ ದಳಗಳನ್ನು ಮಡಿಸಿ ಚುಚ್ಚಿ, ಹೂವು, ಊದುಬತ್ತಿ, ಮೇಣದ ಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ವರ್ಷವಿಡೀ ನೀರನ್ನು ಬಳಸಿ ಕೊಳೆ ಮಾಡಿದ್ದಕ್ಕೆ ‘ಪ್ರ ಮೇ ಖೊಂಗ್ಖಾ’ಳಲ್ಲಿ ಕ್ಷಮೆ ಕೇಳುತ್ತಾರೆ. ಖೊಂಗ್ಖಾ ಎಂದರೆ ಗಂಗೆಯೇ. ನದಿಗೆ ಬಾಗಿನ ಕೊಡುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಮಾರ್ಗದರ್ಶಕನೂ ಬೇಕಾಗಿಲ್ಲ. ಕ್ರಥೋಂಗ್ ಕೊಳ್ಳುವಾಗ ಥರ್ಮೋಕೋಲಿನದನ್ನು ಬಿಟ್ಟು ಬಾಳೆದಿಂಡಿನದನ್ನೇ ಆರಿಸಿ.

ಬೇಸಿಗೆ ರಜೆಯಲ್ಲೇ ಹೋಗಬೇಕಾದ ಕುಟುಂಬಗಳು ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್ ಹಬ್ಬ ನೋಡಬಹುದು. ಹೆಸರಿನಲ್ಲೇ ‘ಸಂಕ್ರಾಂತಿ’ ಇದೆ, ತುಳುನಾಡಿನ ಬಿಸು ಬರುವುದೂ ಅದೇ ದಿನಗಳಲ್ಲಿ. ಹಿರಿಯರ ಕೈಗೆ ಸುಗಂಧದ ನೀರು ಸುರಿದು ಆಶೀರ್ವಾದ ಬೇಡುವುದು ಅದರ ಮೂಲ ಆಚರಣೆ. ಬೀದಿಯ ನೀರಾಟ ಅದರ ಮೇಲೆ ಬೆಳೆದದ್ದು. ಬಿಸಿಲು ಮಾತ್ರ ವಿಪರೀತ.

ಕಾಗದಪತ್ರ ಮತ್ತು ಹಣ

ಪಾಸ್‌ಪೋರ್ಟಿಗೆ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಭಾರತೀಯರಿಗೆ ವೀಸಾ ವಿನಾಯಿತಿ 2023ರ ನವೆಂಬರಿನಲ್ಲಿ ಆರಂಭವಾಯಿತು. ಈ ನಿಯಮ ಬದಲಾಗುತ್ತಿರುವಂಥದ್ದು, ಹಾಗಾಗಿ ಟಿಕೆಟ್ ಕೊಳ್ಳುವ ಮುನ್ನ ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನು ಒಮ್ಮೆ, ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿ. 2025ರ ಮೇ 1ರಿಂದ ಆಗಮನ ಪತ್ರವನ್ನು ಆನ್‌ಲೈನಿನಲ್ಲೇ ತುಂಬಬೇಕು, ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗಿನ ಪ್ರತಿ ಕೈಯಲ್ಲಿರಲಿ. ಖರ್ಚಿಗೆ ಹಣವಿದೆಯೇ ಎಂದು ವಲಸೆ ಅಧಿಕಾರಿ ಕೇಳುವುದೂ ಉಂಟು.

ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಲೆಕ್ಕ ಹಾಕಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಮೊದಲ ದಿನಕ್ಕೆ ಬೇಕಾದಷ್ಟೇ ಬದಲಾಯಿಸಿ. ಊರೊಳಗಿನ ವಿನಿಮಯ ಮಳಿಗೆಗಳಲ್ಲಿ ದರ ಸಾಮಾನ್ಯವಾಗಿ ಮೇಲು. ನಮ್ಮ ಕಾರ್ಡ್ ಬಳಸಿ ಎಟಿಎಂನಿಂದ ತೆಗೆದರೆ ಪ್ರತಿ ಸಲಕ್ಕೂ ಇನ್ನೂರು ಬಾತ್‌ಗೂ ಮೇಲೆ ಶುಲ್ಕ ಬೀಳುತ್ತದೆ. ಅದಕ್ಕಾಗಿ ಪದೇ ಪದೇ ತೆಗೆಯದೆ ಒಟ್ಟಿಗೆ ತೆಗೆದುಕೊಳ್ಳುವುದು ಜಾಣತನ. ಟಿಕೆಟಿನ ಮೇಲೆ, ತಿಂಡಿಯ ಪೊಟ್ಟಣದ ಮೇಲೆ 2568 ಎಂಬಂಥ ವರ್ಷ ಕಂಡರೆ ಗಾಬರಿ ಬೇಡ. ಅದು ಬುದ್ಧ ಶಕೆ. 543 ಕಳೆದರೆ ನಮ್ಮ ಇಸವಿ ಸಿಗುತ್ತದೆ.

ಕಿವಿಯನ್ನು ಸ್ವಲ್ಪ ತಯಾರು ಮಾಡಿಕೊಳ್ಳಿ

ಹೊರಡುವ ಮೊದಲು ಹತ್ತಿಪ್ಪತ್ತು ಪದಗಳನ್ನು ಕಲಿತರೆ ಪ್ರವಾಸದ ಸುಖ ಇಮ್ಮಡಿಯಾಗುತ್ತದೆ. ಕಷ್ಟವೇನೂ ಇಲ್ಲ, ಹೆಚ್ಚಿನವು ಬಲ್ಲ ಪದಗಳೇ. ನಖೋನ್ ನಗರ, ಫಾಸಾ ಭಾಷೆ, ಆಹಾನ್ ಆಹಾರ, ವೇಲಾ ವೇಳೆ, ಸಮುತ್ ಸಮುದ್ರ, ಖ್ರೂ ಗುರು. ‘ಸವಾತ್‌ದೀ’ ಎಂಬ ನಮಸ್ಕಾರದ ಮಾತು ಸ್ವಸ್ತಿಯಿಂದ ಬಂದದ್ದು. ಧನ್ಯವಾದ ಹೇಳುವ ‘ಖೋಪ್ ಖುನ್’ನಲ್ಲಿರುವ ಖುನ್ ನಮ್ಮ ಗುಣ. ಮಾತಿನ ಕೊನೆಗೆ ಗಂಡಸರು ‘ಖ್ರಾಪ್’, ಹೆಂಗಸರು ‘ಖಾ’ ಸೇರಿಸಿದರೆ ಮರ್ಯಾದೆ. ಅಕ್ಷರಮಾಲೆಯನ್ನೂ ಗಮನಿಸಿ: ಮಧ್ಯೆ ಒಂದೆರಡು ಹೆಚ್ಚಿನ ಅಕ್ಷರಗಳಿದ್ದರೂ ಕ, ಖ, ಗ, ಘ, ಙ ಎಂಬ ಕ್ರಮ ಹಾಗೆಯೇ ಇದೆ. ಉಚ್ಚಾರ ಮಾತ್ರ ಬೇರೆ ದಾರಿ ಹಿಡಿದಿದೆ. ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುವ ಭಾಷೆ ಅದು, ಆದ್ದರಿಂದ ಪದವನ್ನು ಅಲ್ಲಿನವರ ಬಾಯಿಂದ ಕೇಳಿಸಿಕೊಂಡು ಹೇಳಿ.

ಬ್ಯಾಂಕಾಕ್: ಒಂದು ಬೆಳಗನ್ನು ಅರಮನೆಗೇ ಕೊಡಿ

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಇಳಿದೊಡನೆ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಸುವರ್ಣಭೂಮಿ ನಿಲ್ದಾಣದಿಂದ ಪಟ್ಟಣಕ್ಕೆ ರೈಲು ಇದೆ, ಕೊನೆಯ ನಿಲ್ದಾಣ ಫಯಾ ಥಾಯ್‌ವರೆಗೆ 45 ಬಾತ್. ಟ್ಯಾಕ್ಸಿ ಹಿಡಿದರೆ ಮೀಟರಿನ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಜೊತೆಗೆ ಟೋಲ್.

ಅರಮನೆ ಎಂಟೂವರೆಗೆ ತೆರೆಯುತ್ತದೆ, ಪ್ರವೇಶ 500 ಬಾತ್. ಎಂಟೂಕಾಲಿಗೇ ಬಾಗಿಲ ಬಳಿ ಇರಿ. ಹತ್ತರ ಮೇಲೆ ಜನ, ಬಿಸಿಲು ಎರಡೂ ಏರುತ್ತವೆ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರ, ಉದ್ದ ಪ್ಯಾಂಟು ಎಲ್ಲವೂ ಸರಿ. ಒಂದು ಎಚ್ಚರಿಕೆ: ಬಾಗಿಲಿಗೆ ಇನ್ನೂರು ಹೆಜ್ಜೆ ದೂರದಲ್ಲಿ ಅಚ್ಚುಕಟ್ಟಾದ ಉಡುಪಿನ ಒಬ್ಬರು ನನ್ನನ್ನು ತಡೆದು, “ಇಂದು ಪೂಜೆಯಿದೆ, ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸುತ್ತೇನೆ” ಎಂದು ‘ಟುಕ್ ಟುಕ್’ ಎಂಬ ಅಲ್ಲಿನ ಆಟೊ ಕರೆದರು. ನಾನು ಹತ್ತಿಯೂ ಬಿಟ್ಟಿದ್ದೆ. ಗಾಡಿ ನಿಂತದ್ದು ಹರಳಿನ ಅಂಗಡಿಯ ಮುಂದೆ. ಬೆಳಗಿನ ಒಂದೂವರೆ ಗಂಟೆ ಹೋಯಿತು. ಯಾರು ಏನೇ ಹೇಳಲಿ, ಬಾಗಿಲವರೆಗೆ ನಡೆದು ನೀವೇ ನೋಡಿ.

ಒಳಗೆ ಹೋದವರೆಲ್ಲ ಪಚ್ಚೆ ಬುದ್ಧನ ಕಡೆ ಧಾವಿಸುತ್ತಾರೆ. ಹಸಿರು ಜೇಡ್ ಕಲ್ಲಿನ, 66 ಸೆಂಟಿಮೀಟರ್ ಎತ್ತರದ ಆ ಮೂರ್ತಿಗೆ ಬೇಸಿಗೆ, ಮಳೆ, ಚಳಿಗಾಲಕ್ಕೆ ತಕ್ಕಂತೆ ವರ್ಷಕ್ಕೆ ಮೂರು ಬಾರಿ ವಸ್ತ್ರ ಬದಲಿಸುವ ಸೇವೆ ರಾಜನದು. ಖಂಡಿತ ದರ್ಶನ ಮಾಡಿ, ಒಳಗೆ ಫೋಟೊ ತೆಗೆಯುವಂತಿಲ್ಲ. ಆಮೇಲೆ ಜನ ಬಿಟ್ಟುಹೋಗುವ ಸುತ್ತುಪೌಳಿಗೆ ಬನ್ನಿ. ಅಲ್ಲಿ 178 ಭಿತ್ತಿಚಿತ್ರಗಳಲ್ಲಿ ಇಡೀ ರಾಮಕಿಯೆನ್, ಅಂದರೆ ಥಾಯ್ ರಾಮಾಯಣ, ಹರಡಿಕೊಂಡಿದೆ. ಉತ್ತರದ ಬಾಗಿಲ ಬಳಿ ಶುರು ಮಾಡಿ ಪ್ರದಕ್ಷಿಣೆಯಾಗಿ ನಡೆಯಿರಿ. ಮೊದಲ ಚಿತ್ರದಲ್ಲೇ ಜನಕನ ನೇಗಿಲಿಗೆ ಸೀತೆ ಸಿಗುತ್ತಾಳೆ. ಬಿಳಿಯ ಕೋತಿ ಹನುಮಂತ. ಹಸಿರು ಮೈಯವನು ಥೊಸಕಾನ್. ಅವನ ಹೆಸರು ದಶಕಂಠನೇ, ನಮ್ಮ ಕವಿಗಳ ನಾಲಗೆಯ ಮೇಲಿದ್ದ ಹೆಸರು. ಬಾಗಿಲು ಕಾಯುವ ದೈತ್ಯರನ್ನು ‘ಯಕ್’ ಎನ್ನುತ್ತಾರೆ. ಯಕ್ಷರು ಅಲ್ಲಿ ರಾಕ್ಷಸರಾಗಿದ್ದಾರೆ.

ನಮ್ಮದನ್ನೇ ಹುಡುಕುತ್ತಾ ಹೋದರೆ ಅವರದ್ದು ಕಾಣದೇ ಹೋಗುವ ಅಪಾಯವೂ ಇದೆ. ರಾಮಕಿಯೆನ್‌ನ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆ ಕಟ್ಟುವಾಗ ಕಲ್ಲುಗಳನ್ನು ಕದಿಯುವ ಸುವರ್ಣಮತ್ಸ್ಯೆ ಎಂಬ ಮೀನುಕನ್ಯೆಯನ್ನು ಹಿಡಿಯಲು ಹೋಗಿ ಅವಳಿಗೇ ಒಲಿಯುತ್ತಾನೆ. ಅವರ ಮಗ ಮಚ್ಚಾನು ಪಾತಾಳದ ದಾರಿಯಲ್ಲಿ ತಂದೆಯನ್ನೇ ತಡೆದು ಕಾದುತ್ತಾನೆ. “ಇದು ತಪ್ಪು ರಾಮಾಯಣ” ಎಂದು ಮಾರ್ಗದರ್ಶಕರೊಡನೆ ವಾದಕ್ಕೆ ಇಳಿದ ನಮ್ಮವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇದು ಅವರು ಶತಮಾನಗಳಿಂದ ಸಾಕಿಕೊಂಡ ಅವರದೇ ಕಥೆ. ರಾಜ ಒಂದನೆಯ ರಾಮ 1797ರಲ್ಲಿ ಅದನ್ನು ಕಾವ್ಯವಾಗಿ ಬರೆಯಿಸಿದ. ಇದೇ ಕಥೆಯನ್ನು ಮುಖವಾಡ ತೊಟ್ಟು ಆಡುವ ‘ಖೋನ್’ ನೃತ್ಯನಾಟಕದ ಪ್ರದರ್ಶನ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಅರಮನೆಯ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ. ಪಾತ್ರಧಾರಿ ಮಾತಾಡುವುದಿಲ್ಲ, ಪಕ್ಕದಲ್ಲಿ ಕುಳಿತವರು ಹಾಡಿ, ಮಾತು ಹೇಳುತ್ತಾರೆ. ಭಾಗವತಿಕೆಗೆ ಒಗ್ಗಿದ ಕಿವಿಗೆ ಅದು ಹೊಸದೆನಿಸುವುದಿಲ್ಲ.

ಮಧ್ಯಾಹ್ನ ನಡೆದೇ ವಾಟ್ ಫೋಗೆ ಹೋಗಬಹುದು. 46 ಮೀಟರ್ ಉದ್ದದ ಒರಗಿದ ಬುದ್ಧ, ಅವನ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೂರಿಸಿದ 108 ಮಂಗಳ ಚಿಹ್ನೆಗಳು. ಅಲ್ಲೇ ಸಾಂಪ್ರದಾಯಿಕ ಅಂಗಮರ್ದನದ ಶಾಲೆಯಿದೆ. ಒತ್ತು ಜೋರಾದರೆ ‘ಬಾವ್ ಬಾವ್’ ಎನ್ನಿ, ಮೆಲ್ಲಗೆ ಎಂದು ಅರ್ಥ. ಸಂಜೆ ಥಾ ತಿಯೆನ್ ಕಟ್ಟೆಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ವಾಟ್ ಅರುಣ್. ಅರುಣನ ಹೆಸರಿನ ಆ ಗೋಪುರಕ್ಕೆ ಚೀನೀ ಪಿಂಗಾಣಿಯ ಚೂರುಗಳ ಹೊದಿಕೆ, ಇಳಿಬಿಸಿಲಿನಲ್ಲಿ ನೋಡಬೇಕು.

ಅಯುತ್ಥಯಾ, ಅಲ್ಲಿಂದಲೇ ರಾತ್ರಿ ರೈಲು

ಬ್ಯಾಂಕಾಕಿನ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಈ ಊರಿನ ಹೆಸರು ಅಯೋಧ್ಯೆಯದು. 1350ರಲ್ಲಿ ಕಟ್ಟಿದ ರಾಜಧಾನಿಯನ್ನು 1767ರಲ್ಲಿ ಬರ್ಮಾದ ಸೇನೆ ಸುಟ್ಟುಹಾಕಿತು. ಹಂಪಿಯಲ್ಲಿ ನಡೆದಾಡಿದವರಿಗೆ ಇಲ್ಲಿನ ಮೌನ ಪರಿಚಿತ. ಹೆಚ್ಚಿನವರು ಬೆಳಿಗ್ಗೆ ಹೋಗಿ ಸಂಜೆ ಬ್ಯಾಂಕಾಕಿಗೆ ಮರಳುತ್ತಾರೆ. ನನ್ನ ಸಲಹೆ ಬೇರೆ. ಹೋಟೆಲ್ ಬಿಟ್ಟು ಸಾಮಾನು ಸಮೇತ ಬೆಳಗಿನ ರೈಲು ಹತ್ತಿ, ಅಯುತ್ಥಯಾ ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಪೆಟ್ಟಿಗೆ ಇಟ್ಟು, ಬಾಡಿಗೆ ಸೈಕಲ್ಲಿನಲ್ಲಿ ಇಡೀ ದಿನ ಸುತ್ತಿ. ಚಿಯಾಂಗ್ ಮಾಯ್‌ಗೆ ಹೋಗುವ ರಾತ್ರಿ ರೈಲು ಈ ನಿಲ್ದಾಣದ ಮೂಲಕವೇ ಹೋಗುತ್ತದೆ. ಟಿಕೆಟನ್ನು ಇಲ್ಲಿಂದಲೇ ಮಾಡಿಸಿದ್ದರೆ ಒಂದು ರಾತ್ರಿಯ ಹೋಟೆಲ್ ಖರ್ಚು, ಹಿಂದೆ ಬರುವ ಓಡಾಟ ಎರಡೂ ಉಳಿಯುತ್ತವೆ.

ವಾಟ್ ಮಹಾಥಾತ್‌ನಲ್ಲಿ ಅರಳಿಯ ಬೇರುಗಳು ಬುದ್ಧನ ಶಿರಸ್ಸೊಂದನ್ನು ಅಪ್ಪಿಕೊಂಡಿವೆ. ಮೂರ್ತಿಯ ಉಳಿದ ಭಾಗ ಇಲ್ಲ. ಕಿವಿಯ ಅಂಚಿನಲ್ಲಿ, ಗಲ್ಲದ ಕೆಳಗೆ ಬೇರು ಹರಿದು, ಮುಖವನ್ನಷ್ಟೇ ಮುಟ್ಟದೆ ಬಿಟ್ಟಿದೆ. ಅದರ ಮುಂದೆ ಫೋಟೊ ತೆಗೆಸಿಕೊಳ್ಳುವವರು ಕುಳಿತುಕೊಳ್ಳಬೇಕು. ಬುದ್ಧನ ತಲೆಗಿಂತ ನಿಮ್ಮ ತಲೆ ಮೇಲಿರಬಾರದು. ಸಂಜೆಗೆ ಹೊಳೆದಂಡೆಯ ವಾಟ್ ಚಾಯ್‌ವತ್ಥನಾರಾಮ್ ಇಟ್ಟುಕೊಳ್ಳಿ.

ರೈಲಿನಲ್ಲಿ ಕೆಳಗಿನ ಬರ್ತ್ ಅಗಲ ಹೆಚ್ಚು, ಕಿಟಕಿಯೂ ಸಿಗುತ್ತದೆ. ಎಸಿ ವಿಪರೀತ ತಂಪು, ಶಾಲು ಇರಲಿ. ಮುಂಜಾನೆ 1352 ಮೀಟರ್ ಉದ್ದದ ಖುನ್ ತಾನ್ ಸುರಂಗದ ಆಸುಪಾಸಿನಲ್ಲಿ ಎಚ್ಚರವಿರಿ. ಮಂಜು ತುಂಬಿದ ಕಣಿವೆಗಳು ಸಕಲೇಶಪುರದ ಘಟ್ಟದ ರೈಲನ್ನು ನೆನಪಿಸುತ್ತವೆ.

ಚಿಯಾಂಗ್ ಮಾಯ್: ನಿಧಾನವಾಗಿ

ಮಂಗ್ರಾಯ್ ರಾಜ 1296ರಲ್ಲಿ ಕಟ್ಟಿದ ಈ ಊರಿನ ಸುತ್ತ ಇಂದಿಗೂ ಚೌಕ ಕಂದಕವಿದೆ. ಕಂದಕದ ಒಳಗೇ ವಸತಿ ಹಿಡಿದರೆ ನಡೆದೇ ಓಡಾಡಬಹುದು. ಬೆಳಿಗ್ಗೆ ಆರಕ್ಕೆ ಬೀದಿಗೆ ಬನ್ನಿ. ಬರಿಗಾಲಿನ ಭಿಕ್ಷುಗಳು ಪಾತ್ರೆ ಹಿಡಿದು ಸಾಲಾಗಿ ಬರುತ್ತಾರೆ. ಅದಕ್ಕೆ ‘ಬಿಂಥಬಾತ್’ ಎಂದು ಹೆಸರು, ಪಾಲಿಯ ಪಿಂಡಪಾತ. ನಾನು ನೋಡಿದಾಗ ಒಬ್ಬ ಅಜ್ಜಿ ಚಪ್ಪಲಿ ಕಳಚಿ, ಬಿಸಿ ಅನ್ನದ ಪೊಟ್ಟಣಗಳನ್ನು ಹಾಕಿ, ಮಂಡಿಯೂರಿ ಕೈ ಮುಗಿದರು. ಎಳೆಯ ಭಿಕ್ಷು ಮೆಲುದನಿಯಲ್ಲಿ ಪಾಲಿಯಲ್ಲಿ ಹರಸಿದ. ಪಾತ್ರೆಯಿಂದ ಹಬೆ ಏಳುತ್ತಿತ್ತು. ದೂರ ನಿಂತು ನೋಡಿ; ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ, ಕೈಯಿಂದ ಕೈಗೆ ಏನನ್ನೂ ಕೊಡುವಂತಿಲ್ಲ.

ವಾಟ್ ಚೇದಿ ಲುವಾಂಗ್‌ನಲ್ಲಿ ತರುಣ ಭಿಕ್ಷುಗಳು ಪ್ರವಾಸಿಗರೊಡನೆ ಇಂಗ್ಲಿಷಿನಲ್ಲಿ ಮಾತಾಡಲು ಕುಳಿತಿರುತ್ತಾರೆ. ಸಂಕೋಚ ಬೇಡ, ಕುಳಿತು ಮಾತಾಡಿ. ಊರಿನ ಪಶ್ಚಿಮದ ದೋಯ್ ಸುಥೇಪ್ ಬೆಟ್ಟಕ್ಕೆ ‘ಸೋಂಗ್‌ಥೇವ್’ ಎಂಬ ಕೆಂಪು ಗಾಡಿಗಳು ಹೋಗುತ್ತವೆ. ನಾಗರ ಹಾವಿನ ಕಟಾಂಜನದ ಮುನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿದರೆ ಚಿನ್ನದ ಸ್ತೂಪ. ಇನ್ನೊಂದು ದಿನ ದೋಯ್ ಇಂಥನೋನ್‌ಗೆ ಇಡಿ. 2565 ಮೀಟರ್, ದೇಶದ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ತುದಿಯ ಪಾಚಿಗಟ್ಟಿದ ಕಾಡಿನಲ್ಲಿ ಹಲಗೆ ಹಾಸಿದ ಕಾಲುದಾರಿಯಿದೆ. ಬಾಡಿಗೆ ಬೈಕಿನಲ್ಲಿ ಈ ಬೆಟ್ಟ ಹತ್ತುವುದನ್ನು ನಾನು ಹೇಳಲಾರೆ. ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯೂ ಕೈಬಿಡುತ್ತದೆ.

ಆನೆ ಸವಾರಿ ಬೇಡವೇ ಬೇಡ. ಸವಾರಿಗೆ ಆನೆಯನ್ನು ಪಳಗಿಸುವ ಕ್ರಮ ಕ್ರೂರವಾದದ್ದು. ಸವಾರಿಯೂ, ಸ್ನಾನ ಮಾಡಿಸುವ ಆಟವೂ ಇಲ್ಲದೆ ದೂರದಿಂದ ನೋಡಲು ಮಾತ್ರ ಬಿಡುವ ಧಾಮಗಳನ್ನು ಆರಿಸಿ.

ಸಸ್ಯಾಹಾರಿಗಳಿಗೆ

ಥಾಯ್ ಊಟದ ಉಸಿರೇ ‘ನಾಮ್ ಪ್ಲಾ’ ಎಂಬ ಮೀನಿನ ರಸ. ತರಕಾರಿ ಮಾತ್ರ ಎಂದು ಕೇಳಿದರೂ ಅದನ್ನು ಹಾಕುತ್ತಾರೆ, ಮೋಸವೆಂದಲ್ಲ, ಅವರಿಗದು ಉಪ್ಪಿನ ಹಾಗೆ. ‘ಮಂಗ್‌ಸವಿರತ್’ ಎಂಬ ಪದವಿದೆ, ಮಾಂಸವಿರತಿ. ಆದರೆ ಅದರಲ್ಲಿ ಮೊಟ್ಟೆ ಬರಬಹುದು. ನಂಬಬಹುದಾದ ಪದ ‘ಜೇ’. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡಲ್ಲಿ ನಿಶ್ಚಿಂತೆಯಿಂದ ಕೂರಿ. ಬೇರೆಡೆ ‘ಮಾಯ್ ಸಾಯ್ ನಾಮ್ ಪ್ಲಾ’ (ಮೀನಿನ ರಸ ಹಾಕಬೇಡಿ), ‘ಮಾಯ್ ಸಾಯ್ ಖಾಯ್’ (ಮೊಟ್ಟೆ ಹಾಕಬೇಡಿ) ಎಂದು ಥಾಯ್ ಲಿಪಿಯಲ್ಲಿ ಬರೆಯಿಸಿಕೊಂಡು ತೋರಿಸಿ. ಚಿಯಾಂಗ್ ಮಾಯ್‌ನ ರಾತ್ರಿ ಸಂತೆಯಲ್ಲಿ ಒಬ್ಬಾಕೆ ನನ್ನ ಚೀಟಿ ಓದಿ, ಮೀನಿನ ರಸದ ಬಾಟಲಿಯನ್ನು ಎತ್ತಿ ಮೇಜಿನ ಕೆಳಗಿಟ್ಟು, ಬಾಣಲೆಯನ್ನು ತೊಳೆದು ಒರೆಸಿ, ಆಮೇಲೆ ಎಣ್ಣೆ ಹಾಕಿದರು. ಆ ಬೆಲೆಗೆ ಅಷ್ಟು ಕಾಳಜಿಯನ್ನು ನಾನು ನಿರೀಕ್ಷಿಸಿರಲಿಲ್ಲ.

ಪಪ್ಪಾಯಿ ಕಾಯಿಯ ಸೋಮ್ ತಾಮ್‌ನಲ್ಲಿ, ಹುರಿದ ನೂಡಲ್ಸಿನ ಪ್ಯಾಡ್ ಥಾಯ್‌ನಲ್ಲಿ ಒಣ ಸಿಗಡಿ ಇರುತ್ತದೆ, ಕೇಳಿ ತೆಗೆಸಿ. ತೆಂಗಿನ ಹಾಲು ಸುರಿದ ಅಂಟು ಅನ್ನದ ಜೊತೆ ಮಾವಿನ ಹಣ್ಣನ್ನು ಮಾತ್ರ ಕೇಳದೆ ತಿನ್ನಿ. ಡುರಿಯನ್ ಹಣ್ಣನ್ನು ಹೋಟೆಲ್ ಕೋಣೆಗೆ ಒಯ್ಯಬೇಡಿ, ವಾಸನೆಯ ಕಾರಣ ಹೆಚ್ಚಿನ ಕಡೆ ನಿಷೇಧವಿದೆ.

ಕ್ರಾಬಿಯ ಕಡಲು

ಯಾಣದ ಬಂಡೆಗಳನ್ನು ಎತ್ತಿ ಹಸಿರು ಸಮುದ್ರದ ನಡುವೆ ನಿಲ್ಲಿಸಿದಂತೆ ಇಲ್ಲಿನ ಸುಣ್ಣಕಲ್ಲಿನ ದ್ವೀಪಗಳಿವೆ. ಚಿಯಾಂಗ್ ಮಾಯ್‌ನಿಂದ ವಿಮಾನದಲ್ಲಿ ಬಂದು ಕಡಲ ತಡಿಯ ಆವ್ ನಾಂಗ್ ಊರಿನಲ್ಲಿ ಇಳಿದುಕೊಳ್ಳಿ. ‘ರೈಲೇ’ ಎಂಬ ಹೆಸರಿನ ಕಡಲದಂಡೆಗೆ ರಸ್ತೆಯೇ ಇಲ್ಲ, ಉದ್ದ ಬಾಲದ ದೋಣಿಯಲ್ಲೇ ಹೋಗಬೇಕು. ದೋಣಿಯ ಮೂತಿಗೆ ಬಣ್ಣದ ಬಟ್ಟೆ, ಹೂಮಾಲೆ ಕಟ್ಟಿರುತ್ತಾರೆ. ಅದು ದೋಣಿ ಕಾಯುವ ತಾಯಿ ‘ಮೇ ಯಾ ನಾಂಗ್’ಳ ಜಾಗ, ಅಲ್ಲಿ ಕಾಲಿಡಬೇಡಿ, ಒರಗಬೇಡಿ.

ಫಿ ಫಿ ದ್ವೀಪದ ಮಾಯಾ ಕೊಲ್ಲಿಯನ್ನು ಪ್ರವಾಸಿಗರ ಭಾರಕ್ಕೆ ಹವಳ ನಾಶವಾದ ಕಾರಣ 2018ರಲ್ಲಿ ಮುಚ್ಚಿ, 2022ರ ಜನವರಿಯಲ್ಲಿ ತೆರೆದರು. ಈಗಲೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚಿರುತ್ತದೆ. ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನಿಗೆ ಸಮುದ್ರದ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧವಿದೆ. ಕೊಳ್ಳುವಾಗ ಡಬ್ಬಿ ಓದಿ, ಅಥವಾ ತುಂಬು ತೋಳಿನ ಅಂಗಿ ತೊಡಿ. ದಂಡೆಯಲ್ಲಿ ಕೆಂಪು ಬಾವುಟ ಕಂಡರೆ ಈಜು ಬಲ್ಲವರೂ ನೀರಿಗಿಳಿಯಬಾರದು.

ಮರೆಯಬಾರದ ನಡವಳಿಕೆ

ತಲೆ ಪವಿತ್ರ, ಮಗುವಿನ ತಲೆಯನ್ನೂ ಸವರಬೇಡಿ. ಬುದ್ಧನ ಕಡೆ, ಹಿರಿಯರ ಕಡೆ ಕಾಲು ಚಾಚಬೇಡಿ. ಹೊಸ್ತಿಲು ದಾಟಿ, ತುಳಿಯಬೇಡಿ. ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ ಕೇಳಿದರೆ ಇದ್ದಲ್ಲೇ ನಿಲ್ಲಿ. ನೋಟಿನ ಮೇಲೆ ರಾಜನ ಚಿತ್ರವಿರುತ್ತದೆ, ಗಾಳಿಗೆ ಹಾರಿದ ನೋಟನ್ನು ಕಾಲಿನಿಂದ ಒತ್ತಿ ಹಿಡಿಯಬೇಡಿ. ರಾಜಮನೆತನವನ್ನು ಅವಮಾನಿಸಿದರೆ ಮೂರರಿಂದ ಹದಿನೈದು ವರ್ಷ ಜೈಲು. ಇ-ಸಿಗರೇಟು ಕಾನೂನುಬಾಹಿರ. ಪ್ರಾಚೀನ ಬುದ್ಧನ ಮೂರ್ತಿಗಳನ್ನು ಲಲಿತಕಲಾ ಇಲಾಖೆಯ ಅನುಮತಿಯಿಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ತೊಂದರೆಯಾದರೆ ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸ್‌ಗೆ 1669.

ಹಿಂತಿರುಗುವ ದಿನ

ಕ್ರಾಬಿಯಿಂದ ಬರುವ ವಿಮಾನಕ್ಕೂ ಬೆಂಗಳೂರಿನ ವಿಮಾನಕ್ಕೂ ನಡುವೆ ಕನಿಷ್ಠ ನಾಲ್ಕೈದು ಗಂಟೆ ಬಿಟ್ಟುಕೊಳ್ಳಿ. ಒಳನಾಡಿನ ಕೆಲವು ವಿಮಾನಗಳು ಊರಿನ ಇನ್ನೊಂದು ದಿಕ್ಕಿನ ಡಾನ್ ಮುವಾಂಗ್ ನಿಲ್ದಾಣಕ್ಕೆ ಇಳಿಯುತ್ತವೆ, ಟಿಕೆಟ್ ಮಾಡಿಸುವಾಗಲೇ ನೋಡಿಕೊಳ್ಳಿ. ಸುವರ್ಣಭೂಮಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ಒಳಗೆ ಬಂದೊಡನೆ ಅಂಗಡಿಗಳ ಕಡೆ ತಿರುಗದೆ ಸಮುದ್ರಮಥನದ ಶಿಲ್ಪವನ್ನು ಹುಡುಕಿ. ವಾಸುಕಿಯ ಉದ್ದಕ್ಕೂ ನಡೆದು ಹೋಗಿ: ಒಂದು ಬದಿಗೆ ಅಸುರರು, ಇನ್ನೊಂದು ಬದಿಗೆ ದೇವತೆಗಳು, ನಡುವೆ ಕೂರ್ಮ, ಮೇಲೆ ವಿಷ್ಣು. ನಿಮ್ಮ ವಿಮಾನದ ಗೇಟು ರೈಲು ಹತ್ತಿ ಹೋಗಬೇಕಾದ ಹೊಸ ಕಟ್ಟಡದಲ್ಲಿದ್ದರೆ, ಕೆಳಗಿಳಿಯುವ ಮೊದಲೇ ಇದನ್ನು ನೋಡಿ ಮುಗಿಸಿ.